ಯುಪಿಎಸ್‌ಗೆ ದೊಡ್ಡ ಬ್ಯಾಟರಿ: ಯಾವುದು ಹೊಂದುತ್ತದೆ, ಯಾವುದು ಕೈಕೊಡುತ್ತದೆ

ಮೇಜಿನ ಕೆಳಗಿನ ಯುಪಿಎಸ್ ಹೊಸದರಲ್ಲಿ ಕರೆಂಟ್ ಹೋದಾಗ ಕಾಲು ಗಂಟೆ ನಿಲ್ಲುತ್ತಿತ್ತು. ಮೂರು ವರ್ಷ ಕಳೆಯುವಷ್ಟರಲ್ಲಿ ಫೈಲ್ ಸೇವ್ ಮಾಡುವುದಕ್ಕೂ ಪುರುಸೊತ್ತು ಕೊಡದೆ ಕೀಂವ್ ಎಂದು ಕೂಗಿ ಆರಿಹೋಗುತ್ತದೆ. ಮುಚ್ಚಳ ಬಿಚ್ಚಿದರೆ ಒಳಗೆ ಇಟ್ಟಿಗೆಯಂಥ ಒಂದು ಬ್ಯಾಟರಿ, ಅದರ ಮೇಲೆ '12 ವೋಲ್ಟ್, 7 ಎಎಚ್' ಎಂಬ ಬರಹ. ಎಎಚ್ ಎಂದರೆ ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತದೆ ಎಂಬುದರ ಅಳತೆ. ಹೇಗೂ ಬದಲಾಯಿಸಲೇಬೇಕು, ಬದಲಾಯಿಸುವುದೇ ಆದರೆ ದೊಡ್ಡದನ್ನೇ ಯಾಕೆ ಹಾಕಬಾರದು ಎಂಬ ಆಸೆ ಆಗ ಹುಟ್ಟುತ್ತದೆ.

ನನಗೂ ಹುಟ್ಟಿತ್ತು. 600 ವಿಎ (ವೋಲ್ಟ್-ಆಂಪಿಯರ್) ಯುಪಿಎಸ್‌ನಿಂದ ಎರಡು ವೈರ್ ಹೊರಗೆಳೆದು 42 ಎಎಚ್ ಬ್ಯಾಟರಿಗೆ ಜೋಡಿಸಿ, ಗೆದ್ದೆ ಎಂದುಕೊಂಡೆ. ಮೊದಲ ಸಲ ಕರೆಂಟ್ ಹೋಗಿ ಇಪ್ಪತ್ತೈದು ನಿಮಿಷ ಆಗಿರಬೇಕು, ಕೋಣೆಯಲ್ಲಿ ಕಾದ ಪ್ಲಾಸ್ಟಿಕ್ಕಿನ ವಾಸನೆ. ಬ್ಯಾಟರಿ ಮುಟ್ಟಿದರೆ ತಣ್ಣಗಿತ್ತು. ಬೇಯುತ್ತಿದ್ದದ್ದು ಯುಪಿಎಸ್. ಬ್ಯಾಟರಿಯ ಗಾತ್ರ ಈ ಕೆಲಸದಲ್ಲಿ ಕೊನೆಗೆ ಕೇಳಬೇಕಾದ ಪ್ರಶ್ನೆ ಎಂದು ಅವತ್ತು ತಿಳಿಯಿತು. ಅದನ್ನು ತುಂಬಿಸುವ ಚಾರ್ಜರ್ ಎಷ್ಟರದು, ಅದು ಬರಿದಾಗುವ ತನಕ ಸುಡದೆ ನಿಲ್ಲುವ ತಾಕತ್ತು ಯುಪಿಎಸ್ ಒಳಗೆ ಬ್ಯಾಟರಿಯ ಡಿಸಿಯನ್ನು ಎಸಿ ಮಾಡುವ ಇನ್ವರ್ಟರ್‌ಗೆ ಇದೆಯೇ ಎಂಬ ಎರಡು ಪ್ರಶ್ನೆಗಳು ಅದಕ್ಕೂ ಮೊದಲು ಬರುತ್ತವೆ. ಕೆಳಗಿನ ಆಯ್ಕೆಗಳನ್ನೆಲ್ಲ ನಾನು ಈ ಎರಡರ ಮೇಲೇ ತೂಗಿದ್ದೇನೆ.

ಮೊದಲು ಲೋಡ್ ಎಷ್ಟೆಂದು ಗೊತ್ತಿರಲಿ

ದೊಡ್ಡ ಬ್ಯಾಟರಿಯಿಂದ ಹೆಚ್ಚುವುದು ಸಮಯ ಮಾತ್ರ, ವಾಟ್ ಅಲ್ಲ. 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವಾಟ್ ಕೊಡುವಂಥದ್ದು. ಅದಕ್ಕೆ ಲಾರಿಯ ಬ್ಯಾಟರಿ ಕಟ್ಟಿದರೂ ಅದು 360 ವಾಟೇ. ಲೋಡ್ ಹೆಚ್ಚಾಗಿ ಟ್ರಿಪ್ ಆಗುತ್ತಿರುವ ಯುಪಿಎಸ್‌ಗೆ ಬ್ಯಾಟರಿ ಬದಲಾವಣೆ ಔಷಧಿಯಲ್ಲ.

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ: ಕಂಪ್ಯೂಟರ್ ಮತ್ತು ಮಾನಿಟರ್ ಸೇರಿ 150 ವಾಟ್. ಇನ್ವರ್ಟರ್ ತಾನು ತಿನ್ನುವುದನ್ನೂ ಸೇರಿಸಿದರೆ ಬ್ಯಾಟರಿಯಿಂದ ಹೋಗುವುದು ಸುಮಾರು 190 ವಾಟ್, ಅಂದರೆ 12 ವೋಲ್ಟ್‌ನಲ್ಲಿ 16 ಆಂಪಿಯರ್.

7 ಎಎಚ್ ಅನ್ನು 16ರಿಂದ ಭಾಗಿಸಿದರೆ 26 ನಿಮಿಷ ಬರುತ್ತದೆ. ನಿಜವಾಗಿ ಸಿಗುವುದು ಅದರ ಅರ್ಧ. ಬ್ಯಾಟರಿಯ ಮೇಲೆ ಬರೆದ 7 ಎಎಚ್ 20 ಗಂಟೆಯ ಲೆಕ್ಕದ್ದು: 0.35 ಆಂಪಿಯರ್‌ನಂತೆ ನಿಧಾನವಾಗಿ ತೆಗೆದರೆ ಮಾತ್ರ ಅಷ್ಟು. ಬೇಗ ಬೇಗ ತೆಗೆದಷ್ಟೂ ಸೀಸದ ಬ್ಯಾಟರಿ ಕಡಿಮೆ ಕೊಡುತ್ತದೆ. ಪ್ಯೂಕರ್ಟ್ ಎಂಬ ಜರ್ಮನ್ ವಿಜ್ಞಾನಿ 1897ರಲ್ಲೇ ಇದಕ್ಕೆ ಸೂತ್ರ ಬರೆದಿಟ್ಟಿದ್ದಾನೆ. 7.2 ಎಎಚ್ ಬ್ಯಾಟರಿಗಳಲ್ಲಿ ಕೆಲವಕ್ಕೆ '28 ವಾಟ್' ಎಂಬ ಗುರುತು ಇರುತ್ತದೆ. ಒಂದು ಸೆಲ್ಲಿಗೆ 28 ವಾಟ್‌ನಂತೆ, 12 ವೋಲ್ಟ್ ಬ್ಯಾಟರಿಯ ಒಳಗಿನ ಆರು ಸೆಲ್ಲಿಗೆ 168 ವಾಟ್ ಅನ್ನು 15 ನಿಮಿಷ ಕೊಡಬಲ್ಲದು ಎಂದು ಇದರರ್ಥ. ಲೆಕ್ಕ ಹಾಕಿದರೆ 42 ವಾಟ್-ಅವರ್. ಹೆಸರಿಗೆ ಇದ್ದದ್ದು 86. ಉಳಿದರ್ಧ ಸುಳ್ಳಲ್ಲ, ಆ ವೇಗದಲ್ಲಿ ಕೈಗೆ ಸಿಗುವುದಿಲ್ಲ ಅಷ್ಟೆ.

ಇದರಲ್ಲೇ ಒಂದು ಲಾಭವೂ ಅಡಗಿದೆ. ಬ್ಯಾಟರಿ ಇಮ್ಮಡಿ ಆದರೆ ಸಮಯ ಇಮ್ಮಡಿಗಿಂತ ಹೆಚ್ಚಾಗುತ್ತದೆ, ಯಾಕೆಂದರೆ ದೊಡ್ಡ ಬ್ಯಾಟರಿಗೆ ಅದೇ 16 ಆಂಪಿಯರ್ ಹಗುರ. ನಮ್ಮ 150 ವಾಟ್ ಲೋಡಿಗೆ ಹೊಸ 7 ಎಎಚ್ ಸುಮಾರು 13 ನಿಮಿಷ ಬಂದರೆ, 18 ಎಎಚ್ 40 ನಿಮಿಷದ ಆಸುಪಾಸು, 42 ಎಎಚ್ ಎರಡು ಗಂಟೆ, 100 ಎಎಚ್ ಐದು ಗಂಟೆಗೂ ಮೀರಿ ಬರುತ್ತದೆ. ಆಸೆ ಹುಟ್ಟಿಸುವುದು ಈ ಅಂಕಿಗಳೇ.

ಅದೇ ಅಳತೆಯಲ್ಲಿ 9 ಎಎಚ್

ಹೆಚ್ಚಿನವರು ಇಲ್ಲಿಗೇ ನಿಂತರೆ ಒಳ್ಳೆಯದು ಎಂದು ನನ್ನ ಅನಿಸಿಕೆ. 7 ಎಎಚ್ ಮತ್ತು 9 ಎಎಚ್ ಎರಡಕ್ಕೂ ಹೊರಮೈ ಒಂದೇ: ಉದ್ದ 151, ಅಗಲ 65, ಎತ್ತರ ಸುಮಾರು 94 ಮಿಲಿಮೀಟರ್. 9 ಎಎಚ್‌ನ ಒಳಗೆ ಸೀಸದ ಪ್ಲೇಟುಗಳು ಹೆಚ್ಚು. '34 ವಾಟ್' ಗುರುತಿನ ಹೈ-ರೇಟ್ (ಬೇಗ ಬೇಗ ತೆಗೆಯಲೆಂದೇ ಮಾಡಿದ) 9 ಎಎಚ್ ಬ್ಯಾಟರಿ ಕಾಲು ಗಂಟೆ 204 ವಾಟ್ ಕೊಡುತ್ತದೆ, 28 ವಾಟಿನದಕ್ಕಿಂತ ಐದರಲ್ಲಿ ಒಂದು ಪಾಲು ಜಾಸ್ತಿ. 13 ನಿಮಿಷ 16 ಅಥವಾ 17 ಆಗುತ್ತದೆ. ಚಮತ್ಕಾರವೇನಲ್ಲ, ಆದರೆ ಚಾರ್ಜರ್‌ಗೂ ಇನ್ವರ್ಟರ್‌ಗೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಕೊಳ್ಳುವಾಗ ಎರಡು ವಿಷಯ ನೋಡಿ. ಒಂದು, ತುದಿಯ ಬ್ಲೇಡ್. ಎಫ್1 ಎಂಬುದು 4.75 ಮಿಲಿಮೀಟರ್, ಎಫ್2 ಎಂಬುದು 6.35 ಮಿಲಿಮೀಟರ್ ಅಗಲ. ಯುಪಿಎಸ್ ವೈರಿನ ಕ್ಲಿಪ್ ಎಫ್2 ಆಗಿದ್ದು ಬ್ಯಾಟರಿ ಎಫ್1 ಆದರೆ ಕ್ಲಿಪ್ ಸಡಿಲವಾಗಿ ಕೂರುತ್ತದೆ, ಲೋಡ್ ಬಿದ್ದಾಗ ಅಲ್ಲೇ ಕಾದು ಕರಗುತ್ತದೆ. ಇಕ್ಕಳದಲ್ಲಿ ಒತ್ತಿ ಬಿಗಿ ಮಾಡುವ ಜಾಣತನ ಬೇಡ. ಎರಡು, ತೂಕ. ಒಳ್ಳೆಯ 7 ಎಎಚ್ ಎರಡು ಕಿಲೋ ದಾಟುತ್ತದೆ, 9 ಎಎಚ್ ಎರಡೂವರೆ ಕಿಲೋದ ಹತ್ತಿರ. ಸೀಸ ಹೆಚ್ಚಿಲ್ಲದೆ ಎಎಚ್ ಹೆಚ್ಚುವುದಿಲ್ಲ. 9 ಎಂದು ಬರೆದುಕೊಂಡು 7ರಷ್ಟೇ ತೂಗುವ ಬ್ಯಾಟರಿಯಲ್ಲಿ ದೊಡ್ಡದಾಗಿರುವುದು ಸ್ಟಿಕ್ಕರ್ ಮಾತ್ರ.

12 ಎಎಚ್ ಬ್ಯಾಟರಿ 98 ಮಿಲಿಮೀಟರ್ ಅಗಲ. ಹೆಚ್ಚಿನ ಪೆಟ್ಟಿಗೆಗಳಲ್ಲಿ ಕೂರುವುದಿಲ್ಲ. ಕೂತರೆ ಅದೃಷ್ಟ, ಹಾಕಿ.

ಹೊರಗಿಡುವ ದೊಡ್ಡ ಎಜಿಎಂ

ಎಜಿಎಂ ಎಂದರೆ ಆಸಿಡ್ಡನ್ನು ಗಾಜಿನ ನಾರಿನ ಹಾಳೆಗಳಲ್ಲಿ ಹೀರಿಸಿ ಮುಚ್ಚಿದ ಸೀಸದ ಬ್ಯಾಟರಿ. 18, 26, 42, 100 ಎಎಚ್ ಸೀಲ್ಡ್ ಬ್ಯಾಟರಿಗಳೆಲ್ಲ ಈ ಗುಂಪಿಗೆ ಸೇರುತ್ತವೆ. ರಾಸಾಯನಿಕವಾಗಿ ಒಳಗಿದ್ದ ಬ್ಯಾಟರಿಯ ಜಾತಿಯವೇ ಆದ್ದರಿಂದ ವೋಲ್ಟೇಜ್ ಹೊಂದುತ್ತದೆ. ತೊಡಕು ಬೇರೆ ಕಡೆ.

ಚಾರ್ಜರ್‌ನಿಂದ ಶುರು ಮಾಡೋಣ. ಚಿಕ್ಕ ಯುಪಿಎಸ್‌ಗಳ ಚಾರ್ಜರ್ ಅರ್ಧದಿಂದ ಒಂದು ಆಂಪಿಯರ್ ಕೊಡುವಂಥದ್ದು. 7 ಎಎಚ್‌ಗೆ ಅದು ಸರಿಯಾದ ಜೋಡಿ, ರಾತ್ರಿ ಬೆಳಗಾಗುವಷ್ಟರಲ್ಲಿ ತುಂಬುತ್ತದೆ. 42 ಎಎಚ್‌ಗೆ ಒಂದು ಆಂಪಿಯರ್‌ನಲ್ಲಿ ಎರಡು ದಿನ. 100 ಎಎಚ್‌ಗೆ ನಾಲ್ಕೈದು ದಿನ. ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂದರೆ ಇದೇ.

ನಿಧಾನ ತಾನೇ, ಕಾಯೋಣ ಎನ್ನಬಹುದು. ಕರೆಂಟ್ ತಿಂಗಳಿಗೊಮ್ಮೆ ಹೋಗುವ ಕಡೆ ಕಾಯಬಹುದು, ಅಲ್ಲಿ ಈ ಜೋಡಣೆ ಕೆಲಸ ಮಾಡುತ್ತದೆ. ದಿನಾ ಎರಡು ಗಂಟೆ ಹೋಗುವ ಕಡೆ ಲೆಕ್ಕ ಹಾಕಿ ನೋಡಿ: 16 ಆಂಪಿಯರ್‌ನಂತೆ ಎರಡು ಗಂಟೆಗೆ 32 ಎಎಚ್ ಖರ್ಚು. ಉಳಿದ 22 ಗಂಟೆಯಲ್ಲಿ ಜಮೆ ಆಗುವುದು ಹೆಚ್ಚೆಂದರೆ 22 ಎಎಚ್. ದಿನಕ್ಕೆ 10 ಎಎಚ್ ಸಾಲ. ಎರಡನೆಯ ದಿನವೇ ಬ್ಯಾಟರಿ ಎರಡು ಗಂಟೆ ನಿಲ್ಲುವುದಿಲ್ಲ, ಮತ್ತೆಂದೂ ಪೂರ್ತಿ ತುಂಬುವುದೂ ಇಲ್ಲ. ಹೀಗೆ ಅರೆಹೊಟ್ಟೆಯಲ್ಲಿ ಇರುವ ಸೀಸದ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ವರ್ಷದೊಳಗೆ 42 ಎಎಚ್ ಬ್ಯಾಟರಿ ಹಳೆಯ 7 ಎಎಚ್‌ನಂತೆ ವರ್ತಿಸತೊಡಗುತ್ತದೆ. ಎಜಿಎಂಗೆ ಅದರ ಎಎಚ್‌ನ ಹತ್ತನೇ ಒಂದು ಪಾಲಾದರೂ ಚಾರ್ಜಿಂಗ್ ಆಂಪಿಯರ್ ಸಿಗಬೇಕು ಎಂಬ ರೂಢಿಯ ಲೆಕ್ಕ ಬಂದದ್ದು ಇದಕ್ಕೇ. ಒಂದು ಆಂಪಿಯರ್ ಚಾರ್ಜರ್ ಇದ್ದರೆ 10, ಕಷ್ಟಪಟ್ಟು 18 ಎಎಚ್ ತನಕ ಹೋಗಬಹುದು. ಅದಕ್ಕೂ ಮೇಲೆ ಹೋಗುವವರು ಕರೆಂಟ್ ಅಪರೂಪಕ್ಕೆ ಹೋಗುವ ಕಡೆ ಇರಬೇಕು.

ಇನ್ನು ಬಿಸಿ. ಚಿಕ್ಕ ಯುಪಿಎಸ್‌ನ ಟ್ರಾನ್ಸ್‌ಫಾರ್ಮರ್, ಮಾಸ್ಫೆಟ್ (ಕರೆಂಟನ್ನು ಸ್ವಿಚ್ ಮಾಡುವ ಬಿಡಿಭಾಗ), ಅದರ ಬಿಸಿ ಹೀರುವ ಅಲ್ಯೂಮಿನಿಯಂ ಹೀಟ್‌ಸಿಂಕ್ ಎಲ್ಲವನ್ನೂ ಹತ್ತು ಹದಿನೈದು ನಿಮಿಷದ ಓಟಕ್ಕೆ ಅಳೆದು ಮಾಡಿರುತ್ತಾರೆ. ಪೂರ್ತಿ ಬಿಸಿಯಾಗುವ ಮೊದಲೇ ಒಳಗಿನ ಬ್ಯಾಟರಿ ಮುಗಿದು ಯುಪಿಎಸ್ ಆರುತ್ತದೆ ಎಂಬ ನಂಬಿಕೆಯ ಮೇಲೆ ನಿಂತ ವಿನ್ಯಾಸ ಅದು. ಆ ಪುಟ್ಟ ಬ್ಯಾಟರಿಯೇ ಒಂದು ಬಗೆಯ ಟೈಮರ್. ಅದನ್ನು ಕಿತ್ತು 42 ಎಎಚ್ ಕೊಟ್ಟ ನಾನು ಟೈಮರ್ ಕಿತ್ತಂತಾಯಿತು. ಮಾಡಲೇಬೇಕೆಂದಿದ್ದರೆ ಲೋಡನ್ನು ಯುಪಿಎಸ್ ವಾಟ್‌ನ ಮೂರನೇ ಒಂದು ಪಾಲಿಗೆ ಇಳಿಸಿ, ಪೆಟ್ಟಿಗೆಗೆ ಸಣ್ಣ ಫ್ಯಾನ್ ಕೂರಿಸಿ, ಮೊದಲ ಓಟದಲ್ಲಿ ಕೊನೆಯ ತನಕ ಪಕ್ಕದಲ್ಲೇ ಕೂತಿರಿ. ಫ್ಯಾನ್ ಇರುವ ಯುಪಿಎಸ್ ಈ ವಿಷಯದಲ್ಲಿ ಮೊದಲಿಂದಲೂ ಮೇಲು.

ಮೂರನೆಯದು ಎಲ್ಲಕ್ಕಿಂತ ಅಪಾಯದ್ದು, ಎಲ್ಲಕ್ಕಿಂತ ಕಡಿಮೆ ಜನಕ್ಕೆ ಗೊತ್ತಿರುವಂಥದ್ದು. '12 ವೋಲ್ಟ್ ತಾನೇ, ಮುಟ್ಟಿದರೆ ಏನಾಗುತ್ತೆ' ಎಂಬ ಧೈರ್ಯ ಇಲ್ಲಿ ನಡೆಯುವುದಿಲ್ಲ. ಅನೇಕ ಅಗ್ಗದ ಯುಪಿಎಸ್‌ಗಳಲ್ಲಿ ಬ್ಯಾಟರಿ ಸರ್ಕ್ಯೂಟ್ ಮೇನ್ಸ್‌ನಿಂದ, ಅಂದರೆ ಗೋಡೆಯ ಕರೆಂಟ್ ಲೈನಿನಿಂದ, ಬೇರ್ಪಟ್ಟಿರುವುದಿಲ್ಲ. ಪ್ಲಗ್ ಹಾಕಿದ್ದಾಗ ಬ್ಯಾಟರಿ ಟರ್ಮಿನಲ್ಲಿಗೂ ನೆಲಕ್ಕೂ ನಡುವೆ ಮೇನ್ಸ್ ವೋಲ್ಟೇಜೇ ಇರಬಹುದು. ಬ್ಯಾಟರಿ ಮುಚ್ಚಿದ ಪೆಟ್ಟಿಗೆಯ ಒಳಗಿದ್ದಾಗ ಇದರಿಂದ ತೊಂದರೆಯಿಲ್ಲ. ಹೊರಗೆ ತಂದು ನೆಲದ ಮೇಲಿಟ್ಟರೆ ಕಸ ಗುಡಿಸುವವರ ಕೈ, ಮಕ್ಕಳ ಕೈ ಅದಕ್ಕೆ ತಾಗುತ್ತದೆ. ನಿಮ್ಮ ಯುಪಿಎಸ್ ಯಾವ ಬಗೆಯದೆಂದು ಹೊರಗಿನಿಂದ ನೋಡಿ ಹೇಳಲಾಗದು. ಆದ್ದರಿಂದ ಎಲ್ಲವೂ ಆ ಬಗೆಯದೇ ಎಂದುಕೊಂಡು ಟರ್ಮಿನಲ್‌ಗಳಿಗೆ ಪೂರ್ತಿ ಮುಚ್ಚಳ ಹಾಕಿ, ಬ್ಯಾಟರಿಯನ್ನು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಡಿ, ಕೈ ಹಾಕುವ ಮುನ್ನ ಪ್ಲಗ್ ಕಿತ್ತು ಲೋಡ್ ಬಿಚ್ಚಿ. ಚಾರ್ಜರ್ ಸಾಲದೆಂದು ಹೊರಗಿನಿಂದ ಇನ್ನೊಂದು ಚಾರ್ಜರ್ ಸೇರಿಸುವ ಉಪಾಯವನ್ನು ನಾನು ಬೇಡ ಎನ್ನುವುದೂ ಇದೇ ಕಾರಣಕ್ಕೆ.

ವೈರ್ ವಿಷಯ ಚುಟುಕಾಗಿ: 360 ವಾಟ್ ಪೂರ್ತಿ ಲೋಡಿನಲ್ಲಿ, ಬ್ಯಾಟರಿ 10.5 ವೋಲ್ಟ್‌ಗೆ ಇಳಿದಾಗ ಹರಿಯುವುದು ಸುಮಾರು 40 ಆಂಪಿಯರ್. ಹೋಗಿ ಬರುವ ಎರಡು ಮೀಟರ್ 2.5 ಚದರ ಮಿಲಿಮೀಟರ್ ತಾಮ್ರದಲ್ಲಿ ಅರ್ಧ ವೋಲ್ಟ್‌ಗೂ ಹೆಚ್ಚು ಸೋರಿಹೋಗುತ್ತದೆ, ಆ ಅರ್ಧ ವೋಲ್ಟ್ ಯುಪಿಎಸ್ ಕಣ್ಣಿಗೆ ಬ್ಯಾಟರಿ ಮುಗಿದಂತೆ ಕಾಣುತ್ತದೆ. 10 ಚದರ ಮಿಲಿಮೀಟರ್ ಹಾಕಿದರೆ ಸೋರಿಕೆ 0.14 ವೋಲ್ಟ್‌ಗೆ ಇಳಿಯುತ್ತದೆ. ಪ್ಲಸ್ ಟರ್ಮಿನಲ್ಲಿನ ಪಕ್ಕದಲ್ಲೇ 50 ಅಥವಾ 60 ಆಂಪಿಯರ್‌ನ ಡಿಸಿ ಫ್ಯೂಸ್ ಇರಲಿ. ಮನೆಯ ಎಸಿ ಫ್ಯೂಸ್ ಆಗುವುದಿಲ್ಲ. ಡಿಸಿಯಲ್ಲಿ ಹುಟ್ಟಿದ ಕಿಡಿ ತಾನಾಗಿ ಆರುವುದಿಲ್ಲ. ಫ್ಯೂಸ್ ಇಲ್ಲದ 100 ಎಎಚ್ ಬ್ಯಾಟರಿಯ ಮೇಲೆ ಸ್ಪ್ಯಾನರ್ ಅಡ್ಡ ಬಿದ್ದರೆ ಸಾವಿರಾರು ಆಂಪಿಯರ್ ಹರಿದು ಸ್ಪ್ಯಾನರ್ ಕೆಂಪಗಾಗುತ್ತದೆ.

ಎರಡು 7 ಎಎಚ್ ಅನ್ನು ಪ್ಯಾರಲಲ್ ಮಾಡುವುದೂ ಇದೇ ಲೆಕ್ಕಕ್ಕೆ ಬರುತ್ತದೆ. ಒಂದೇ ಕಂಪನಿ, ಒಂದೇ ತಿಂಗಳ ತಯಾರಿ ಆಗಿದ್ದರೆ ಮಾತ್ರ. ಹಳೆಯದರ ಪಕ್ಕ ಹೊಸದನ್ನು ಕಟ್ಟಿದರೆ ಹಳೆಯದು ಹೊಸದನ್ನೂ ತನ್ನ ಜೊತೆ ಎಳೆದುಕೊಂಡು ಹೋಗುತ್ತದೆ. 24 ವೋಲ್ಟ್ ಯುಪಿಎಸ್‌ನಲ್ಲಿ ಸೀರೀಸ್ ಆಗಿರುವ ಎರಡು ಬ್ಯಾಟರಿಗಳಲ್ಲಿ ಒಂದನ್ನೇ ಬದಲಾಯಿಸುವವರಿಗೂ ಈ ಮಾತು ಅನ್ವಯ.

ಕಾರಿನದು, ನೀರು ಹಾಕುವ ಟ್ಯೂಬುಲರ್

ಕಾರಿನ ಬ್ಯಾಟರಿ ಬೇಡ. ಅದರ ತೆಳು ಪ್ಲೇಟುಗಳು ಕೆಲವು ಸೆಕೆಂಡು ಇಂಜಿನ್ ತಿರುಗಿಸುವುದಕ್ಕೆ ಮಾಡಿದವು, ಪದೇ ಪದೇ ಪೂರ್ತಿ ಬರಿದು ಮಾಡಿದರೆ ಬೇಗ ಕೆಡುತ್ತವೆ. ಟ್ಯೂಬುಲರ್ ಬ್ಯಾಟರಿ ಹಾಗಲ್ಲ, ದಿನಾ ಬರಿದಾಗುವುದಕ್ಕೇ ಹುಟ್ಟಿದ್ದು. ಆದರೆ ಅದನ್ನು ಚೆನ್ನಾಗಿ ತುಂಬಿಸಲು 14.4 ವೋಲ್ಟ್ ಹತ್ತಿರ ಏರಿಸಬೇಕು. ಚಿಕ್ಕ ಯುಪಿಎಸ್ 13.5ರಿಂದ 13.8ರಲ್ಲೇ ನಿಲ್ಲುತ್ತದೆ. ಆಸಿಡ್ ಕಲಕುವುದಿಲ್ಲ, ಭಾರದ ಆಸಿಡ್ ತಳದಲ್ಲಿ ಕೂರುತ್ತದೆ, ಪ್ಲೇಟುಗಳ ಕೆಳಭಾಗ ಸಲ್ಫೇಟ್ ಹಿಡಿದು ಕೆಡುತ್ತದೆ. ಜೊತೆಗೆ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ 4 ಪಾಲು ಸೇರಿದರೆ ಸಾಕು, ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಮೇಜಿನ ಕೆಳಗೆ ಇದಕ್ಕೆ ಜಾಗವಿಲ್ಲ.

ಲಿಥಿಯಂ: ಯಾವ ಲಿಥಿಯಂ ಎಂಬುದೇ ಮುಖ್ಯ

ಲಿಥಿಯಂ ಎಂದರೆ ಇಲ್ಲಿ ಲಿಥಿಯಂ ಐರನ್ ಫಾಸ್ಫೇಟ್, ಬಾಯಿಮಾತಿನ ಎಲ್‌ಎಫ್‌ಪಿ. ನಾಲ್ಕು ಸೆಲ್ ಸೇರಿ 12.8 ವೋಲ್ಟ್. ಯುಪಿಎಸ್‌ನ 13.6 ವೋಲ್ಟ್ ಅಂದರೆ ಸೆಲ್ಲಿಗೆ 3.4 ವೋಲ್ಟ್, ನಿಧಾನವಾಗಿ ಆದರೂ ಬಹುಪಾಲು ತುಂಬುತ್ತದೆ. ಫೋನ್, ಲ್ಯಾಪ್‌ಟಾಪ್‌ಗಳಲ್ಲಿ ಬರುವ ಬಗೆಯ ಸಾಮಾನ್ಯ ಲಿಥಿಯಂ-ಅಯಾನ್ ಸೆಲ್ ಮೂರನ್ನು ಕಟ್ಟಿ '12 ವೋಲ್ಟ್' ಎಂದು ಮಾರುವ ಪ್ಯಾಕ್ ಬೇರೆಯೇ. ಅದು 12.6 ವೋಲ್ಟ್‌ಗೆ ತುಂಬಿಹೋಗುತ್ತದೆ. ಅದಕ್ಕೆ 13.7 ಕೊಟ್ಟರೆ ಸೆಲ್ಲಿಗೆ 4.57 ವೋಲ್ಟ್ ಬೀಳುತ್ತದೆ, ಅವುಗಳ ಮಿತಿ 4.2. ರಕ್ಷಣಾ ಸರ್ಕ್ಯೂಟ್ ಕೈಬಿಟ್ಟ ದಿನ ಬೆಂಕಿ. ಇದನ್ನು ಯುಪಿಎಸ್ ಒಳಗೆ ಯಾವ ಕಾರಣಕ್ಕೂ ಹಾಕಬೇಡಿ.

ಎಲ್‌ಎಫ್‌ಪಿಯ ಗುಣಗಳು ನಿಜವಾದವು. ಬೇಗ ತೆಗೆದರೂ ಬರೆದಷ್ಟು ಎಎಚ್ ಕೊಡುತ್ತದೆ. ಪ್ಯೂಕರ್ಟ್ ಇದರ ಗೊಡವೆಗೆ ಹೋಗುವುದೇ ಇಲ್ಲ. 7 ಎಎಚ್ ಎಲ್‌ಎಫ್‌ಪಿ ನಮ್ಮ ಉದಾಹರಣೆಯ ಲೋಡಿಗೆ 13ರ ಬದಲು 25 ನಿಮಿಷ ಬರುತ್ತದೆ, ಅದೂ ಅದೇ ಗೂಡಿನಲ್ಲಿ ಕೂತು, ಅರ್ಧಕ್ಕಿಂತ ಕಡಿಮೆ ತೂಕದಲ್ಲಿ. ಆಳವಾಗಿ ಬರಿದು ಮಾಡಿದರೆ ಎಜಿಎಂ ಕೆಲವು ನೂರು ಸಲಕ್ಕೆ ಸುಸ್ತಾಗುತ್ತದೆ, ಇದು ಎರಡು ಸಾವಿರ ದಾಟುತ್ತದೆ.

ಕೈಕೊಡುವುದು ಬಿಎಂಎಸ್, ಅಂದರೆ ಪ್ಯಾಕಿನ ಒಳಗಿನ ರಕ್ಷಣಾ ಸರ್ಕ್ಯೂಟ್. ಚಿಕ್ಕ ಎಲ್‌ಎಫ್‌ಪಿ ಪ್ಯಾಕ್‌ಗಳಲ್ಲಿ ಅನೇಕವು 10 ಅಥವಾ 15 ಆಂಪಿಯರ್‌ಗೆ ಮಿತಿ ಹಾಕಿಕೊಂಡವು, ಸೌರ ದೀಪಕ್ಕೋ ಮಕ್ಕಳ ಆಟಿಕೆ ಕಾರಿಗೋ ಎಂದು ಮಾಡಿದವು. 40 ಆಂಪಿಯರ್ ಎಳೆಯುವ ಯುಪಿಎಸ್‌ಗೆ ಅದನ್ನು ಕೊಟ್ಟರೆ ಕರೆಂಟ್ ಹೋದ ಕ್ಷಣವೇ ಬಿಎಂಎಸ್ ಬಾಗಿಲು ಮುಚ್ಚುತ್ತದೆ, ಕಂಪ್ಯೂಟರ್ ದಪ್ಪನೆ ಆರುತ್ತದೆ. ಎಎಚ್ ನೋಡುವ ಮೊದಲು 'ನಿರಂತರ ಡಿಸ್ಚಾರ್ಜ್ ಆಂಪಿಯರ್' ನೋಡಿ. ಬಿಎಂಎಸ್ ಒಮ್ಮೆ ಕಡಿದುಕೊಂಡರೆ ಕೆಲವು ಯುಪಿಎಸ್‌ಗಳು ಬ್ಯಾಟರಿಯೇ ಇಲ್ಲ ಎಂದು ತಿಳಿದು ಕರೆಂಟ್ ಬಂದರೂ ಏಳುವುದಿಲ್ಲ. 24 ವೋಲ್ಟ್‌ಗೆ ಎರಡನ್ನು ಸೀರೀಸ್ ಮಾಡುವುದಾದರೆ ತಯಾರಕರು ಅದಕ್ಕೆ ಒಪ್ಪಿಗೆ ಕೊಟ್ಟಿರಬೇಕು. ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಚಾರ್ಜ್ ಮಾಡುವಂತಿಲ್ಲ.

ಮೀಟರ್ ಸುಳ್ಳು ಹೇಳುವುದು ಇನ್ನೊಂದು ಕಿರಿಕಿರಿ. ಎಲ್‌ಎಫ್‌ಪಿಯ ವೋಲ್ಟೇಜ್ ಕೊನೆಯ ತನಕ 13ರ ಆಸುಪಾಸು ಮಟ್ಟಸವಾಗಿದ್ದು, ಆಮೇಲೆ ಬಂಡೆಯಿಂದ ಬಿದ್ದಂತೆ ಇಳಿಯುತ್ತದೆ. ಯುಪಿಎಸ್ ಪರದೆ ಪೂರ್ತಿ ಇದೆ ಎನ್ನುತ್ತಲೇ ಇರುತ್ತದೆ, ಬೀಪ್ ಕೇಳಿದ ಮೇಲೆ ಉಳಿಯುವುದು ಸ್ವಲ್ಪವೇ ಹೊತ್ತು. ದೊಡ್ಡ ಎಜಿಎಂನಲ್ಲಿ ಇದು ಉಲ್ಟಾ: ಕೆಲವು ಯುಪಿಎಸ್‌ಗಳು ಹಳೆಯ ಬ್ಯಾಟರಿಯ ಲೆಕ್ಕವನ್ನೇ ಇಟ್ಟುಕೊಂಡು, ಇನ್ನೂ ಗಂಟೆ ಬಾಕಿ ಇರುವಾಗಲೇ ಕಂಪ್ಯೂಟರ್‌ಗೆ ಶಟ್‌ಡೌನ್ ಆಜ್ಞೆ ಕಳಿಸುತ್ತವೆ. ಯುಪಿಎಸ್ ಲೆಕ್ಕವನ್ನು ಹೊಸದಾಗಿ ಕಲಿಯುವ ಕ್ಯಾಲಿಬ್ರೇಷನ್ ಆಯ್ಕೆ ಇದ್ದರೆ ಹೊಸ ಬ್ಯಾಟರಿ ಹಾಕಿ ತುಂಬಿದ ಮೇಲೆ ಒಮ್ಮೆ ನಡೆಸಿ.

ಆ ಯುಪಿಎಸ್ಸನ್ನೇ ಬಿಟ್ಟರೆ

ಬೇಕಿರುವುದು ಗಂಟೆಗಟ್ಟಲೆ ಆದರೆ, ಚಿಕ್ಕ ಯುಪಿಎಸ್ ಬಿಚ್ಚುವ ಶ್ರಮಕ್ಕಿಂತ ಗಂಟೆಗಟ್ಟಲೆ ಓಡಲೆಂದೇ ಮಾಡಿದ ಯಂತ್ರ ತರುವುದು ಮೇಲು. ಎರಡು ಬಗೆಯವಿವೆ. ಹಿಂದೆ ಬ್ಯಾಟರಿ ಪ್ಯಾಕ್ ಸೇರಿಸುವ ಕನೆಕ್ಟರ್ ಇರುವ ಯುಪಿಎಸ್ ಒಂದು. ಬಿಸಿ, ಲೆಕ್ಕ, ವೈರ್ ಎಲ್ಲ ತಯಾರಕರೇ ನೋಡಿಕೊಂಡಿರುತ್ತಾರೆ. ದೊಡ್ಡ ಬ್ಯಾಟರಿಯ ಮನೆ ಇನ್ವರ್ಟರ್ ಇನ್ನೊಂದು, ಅದರ ಚಾರ್ಜರ್ 10 ಆಂಪಿಯರ್ ದಾಟುವಂಥದ್ದು. ಇನ್ವರ್ಟರ್‌ನಲ್ಲಿ ಗಮನಿಸಬೇಕಾದ್ದು ಬದಲಾಗುವ ಹೊತ್ತು. ಕಂಪ್ಯೂಟರ್‌ನ ಪವರ್ ಸಪ್ಲೈ ಪೂರ್ತಿ ಲೋಡಿನಲ್ಲಿ ಕರೆಂಟಿಲ್ಲದೆ ತಾಳುವುದು ಸುಮಾರು 16 ಮಿಲಿಸೆಕೆಂಡ್. ಯುಪಿಎಸ್ 4ರಿಂದ 10ರೊಳಗೆ ಬದಲಾಗುತ್ತದೆ, ಇನ್ವರ್ಟರ್ ಸಾಮಾನ್ಯ ಮೋಡ್‌ನಲ್ಲಿ ಹೆಚ್ಚು ತೆಗೆದುಕೊಳ್ಳುತ್ತದೆ. ಹಿಂಭಾಗದ ಸ್ವಿಚ್ಚನ್ನು 'ಯುಪಿಎಸ್ ಮೋಡ್'ಗೆ ತಿರುಗಿಸಿ. ಅದೂ ಸಾಲದಿದ್ದರೆ ಇನ್ವರ್ಟರ್‌ಗೂ ಕಂಪ್ಯೂಟರ್‌ಗೂ ನಡುವೆ ಹಳೆಯ ಯುಪಿಎಸ್ ಇಟ್ಟು, ಆ ಕೆಲವು ಮಿಲಿಸೆಕೆಂಡಿನ ಕಂದಕ ದಾಟುವ ಕೆಲಸ ಅದಕ್ಕೆ ವಹಿಸಬಹುದು. ಆದರೆ ಇನ್ವರ್ಟರ್ ಶುದ್ಧ ಸೈನ್ ವೇವ್, ಅಂದರೆ ಮೇನ್ಸ್‌ನಂತೆ ನಯವಾದ ಅಲೆ ಕೊಡುವಂಥದ್ದು ಆಗಿರಬೇಕು. ಚೌಕ ಅಲೆಯನ್ನು ಬಹಳಷ್ಟು ಯುಪಿಎಸ್‌ಗಳು ಕರೆಂಟೇ ಅಲ್ಲ ಎಂದು ತಳ್ಳಿಬಿಡುತ್ತವೆ.

ಬೇಕಿರುವುದು ಬರೀ ವೈಫೈ ಆದರೆ ಈ ಯಾವುದೂ ಬೇಡ. ರೂಟರ್ ತಿನ್ನುವುದು 10 ವಾಟ್, ಅದನ್ನು ಹೊರುವ ಯುಪಿಎಸ್ ಖಾಲಿ ಓಡುವುದಕ್ಕೇ 15 ವಾಟ್ ತಿನ್ನಬಹುದು. 12 ವೋಲ್ಟ್ ಡಿಸಿಯನ್ನು ಎಸಿ ಮಾಡಿ, ಅಡಾಪ್ಟರ್‌ನಲ್ಲಿ ಮತ್ತೆ 12 ವೋಲ್ಟ್ ಡಿಸಿ ಮಾಡುವ ಪ್ರದಕ್ಷಿಣೆ ಅದು. ಅದೇ 7 ಎಎಚ್ ಬ್ಯಾಟರಿ ಯುಪಿಎಸ್ ಮೂಲಕ ರೂಟರ್ ಅನ್ನು ಎರಡೂವರೆ ಗಂಟೆ ನಡೆಸಿದರೆ, ನೇರ ಡಿಸಿಯಲ್ಲಿ ಏಳು ಗಂಟೆ ನಡೆಸುತ್ತದೆ. ರೂಟರ್‌ಗೆಂದೇ ಬರುವ ಪುಟ್ಟ ಡಿಸಿ ಯುಪಿಎಸ್ ಕೊಳ್ಳಿ.

ಅಂಗಡಿಗೆ ಹೋಗುವ ಮುನ್ನ, ಬಂದ ಮೇಲೆ

ಹಳೆಯ ಬ್ಯಾಟರಿ ಕಿತ್ತೆಸೆಯುವ ಮೊದಲು ಚಾರ್ಜಿಂಗ್ ವೋಲ್ಟೇಜ್ ಅಳೆದು ನೋಡಿ. ಪೂರ್ತಿ ತುಂಬಿದ ಮೇಲೂ ಟರ್ಮಿನಲ್‌ಗಳ ನಡುವೆ 14 ದಾಟಿ ನಿಂತಿದ್ದರೆ ಬ್ಯಾಟರಿಯನ್ನು ಕೊಂದದ್ದು ಯುಪಿಎಸ್ಸೇ. ಉಬ್ಬಿದ ಬ್ಯಾಟರಿ ಕಂಡರಂತೂ ಈ ಅಳತೆ ತಪ್ಪಿಸಬೇಡಿ. ಅಂಥ ಯುಪಿಎಸ್‌ಗೆ ಎಷ್ಟು ದೊಡ್ಡದನ್ನು ಹಾಕಿದರೂ ಅದೂ ಉಬ್ಬುತ್ತದೆ. ಅಳೆಯುವಾಗ ಮೇನ್ಸ್ ಬಗ್ಗೆ ಮೇಲೆ ಹೇಳಿದ್ದು ನೆನಪಿರಲಿ: ಇನ್ಸುಲೇಷನ್ ಚೆನ್ನಾಗಿರುವ ಪ್ರೋಬ್, ಕಾಲಿಗೆ ಚಪ್ಪಲಿ, ಒಂದು ಕೈ ಹಿಂದೆ. ಅಭ್ಯಾಸವಿಲ್ಲದವರು ಬಲ್ಲವರ ಕೈಲಿ ಅಳೆಸಿ.

ಅಂಗಡಿಯಲ್ಲಿ ತಯಾರಾದ ತಿಂಗಳು ಕೇಳಿ, ಮಲ್ಟಿಮೀಟರ್ ಇಡಿಸಿ. ಹೊಸ ಎಜಿಎಂ 12.8 ವೋಲ್ಟ್ ಹತ್ತಿರ ತೋರಿಸಬೇಕು. 12.5ಕ್ಕಿಂತ ಕೆಳಗಿದ್ದರೆ ಕಪಾಟಿನಲ್ಲೇ ವಯಸ್ಸಾದದ್ದು. ಹಳೆಯದನ್ನು ಅಲ್ಲೇ ಕೊಟ್ಟು ಬನ್ನಿ, ಸೀಸ ಕಸದ ಬುಟ್ಟಿಗೆ ಹೋಗುವ ವಸ್ತುವಲ್ಲ. ತಂದದ್ದನ್ನು ತಂಪಾದ ಜಾಗದಲ್ಲಿಡಿ. 25 ಡಿಗ್ರಿಯಿಂದ ಪ್ರತಿ 10 ಡಿಗ್ರಿ ಏರಿದಂತೆ ಎಜಿಎಂ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆ.

ಒಂದು ದಿನ ಪೂರ್ತಿ ಚಾರ್ಜ್ ಮಾಡಿ, ಕೆಲಸವೆಲ್ಲ ಸೇವ್ ಮಾಡಿ, ಮಾಮೂಲಿನ ಲೋಡನ್ನೇ ಇಟ್ಟುಕೊಂಡು ಪ್ಲಗ್ ಕೀಳಿ. ಕೈಯಲ್ಲಿ ಗಡಿಯಾರ ಇರಲಿ. ಹತ್ತು ನಿಮಿಷಕ್ಕೊಮ್ಮೆ ಯುಪಿಎಸ್ ಮೈ ಮುಟ್ಟಿ ನೋಡಿ. ಅಂಗೈ ಇಟ್ಟು ಐದು ಎಣಿಸಲಾಗದಷ್ಟು ಬಿಸಿಯಾದರೆ ಅಲ್ಲಿಗೇ ನಿಲ್ಲಿಸಿ. ಆರಿದ ನಿಮಿಷ ಮತ್ತು ತಾರೀಖನ್ನು ಪಟ್ಟಿಯ ಮೇಲೆ ಬರೆದು ಪೆಟ್ಟಿಗೆಗೆ ಅಂಟಿಸಿ. ನನ್ನದರ ಮೇಲೆ ಈಗ 9 ಎಎಚ್ ಎಂದೂ 17 ನಿಮಿಷ ಎಂದೂ ಇದೆ. ಆ 42 ಎಎಚ್ ಬ್ಯಾಟರಿ ಕೋಣೆಯ ಮೂಲೆಯಲ್ಲಿ ಮುಚ್ಚಳದ ಪೆಟ್ಟಿಗೆಯೊಳಗೆ, ತನಗೆ ತಕ್ಕ 5 ಆಂಪಿಯರ್ ಚಾರ್ಜರ್ ಕಟ್ಟಿಕೊಂಡು, ರೂಟರ್ ಮತ್ತು ಒಂದು ಎಲ್‌ಇಡಿ ದೀಪವನ್ನು ನೇರ ಡಿಸಿಯಲ್ಲಿ ನಡೆಸುತ್ತಿದೆ.